ಅಗ್ಗದ ನೀರು ಯಾರಿಗೆ ಅಗ್ಗ? ನಗರದ ನೀರಿನ ಬಿಲ್ಲು ಮತ್ತು ಕಡಿಮೆ ಆದಾಯದ ಮನೆಗಳು

ಮಂಗಳೂರಿನ ನಳ್ಳಿಗಳಿಗೆ ನೀರು ಬರುವುದು ಬಂಟ್ವಾಳ ತಾಲೂಕಿನ ತುಂಬೆಯಲ್ಲಿ ನೇತ್ರಾವತಿಗೆ ಅಡ್ಡಲಾಗಿ ಕಟ್ಟಿದ ಕಿಂಡಿ ಅಣೆಕಟ್ಟಿನಿಂದ. ಉಡುಪಿ ನಗರಕ್ಕೆ ಬಹುಕಾಲದಿಂದ ಆಸರೆಯಾಗಿರುವುದು ಸ್ವರ್ಣಾ ನದಿಯ ಬಜೆ ಅಣೆಕಟ್ಟು. ಅದು ಸಾಲದೆ ಬಂದುದರಿಂದ ವಾರಾಹಿಯ ನೀರನ್ನು ನಗರಕ್ಕೆ ತರುವ ಯೋಜನೆಯನ್ನು ಕೈಗೆತ್ತಿಕೊಳ್ಳಲಾಯಿತು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಕರಾವಳಿಯಲ್ಲಿ 2019ರ ಬೇಸಿಗೆಯಲ್ಲಿ ಎರಡೂ ನಗರಗಳು ನೀರಿನ ರೇಷನಿಂಗ್‌ಗೆ ಇಳಿಯಬೇಕಾಯಿತು, 2023ರಲ್ಲಿ ಮಂಗಳೂರು ಮತ್ತೆ ಅದೇ ಸ್ಥಿತಿಗೆ ಬಂತು. ಅಂಥ ಬೇಸಿಗೆಗಳಲ್ಲಿ ನಾವು ಅಣೆಕಟ್ಟಿನ ಮಟ್ಟವನ್ನು ದಿನವೂ ವಿಚಾರಿಸುತ್ತೇವೆ, ಆದರೆ ನೀರಿನ ಬಿಲ್ಲನ್ನು ಕಟ್ಟಲಾಗದ ಮನೆಗಳ ವಿಚಾರ ವರ್ಷದ ಯಾವ ಋತುವಿನಲ್ಲಿಯೂ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ತಿಂಗಳಿಗೆ ಕೆಲವು ನೂರು ರೂಪಾಯಿಯ ಬಿಲ್ಲು ಯಾರಿಗೆ ಹೊರೆಯಾದೀತು ಎಂಬ ಭಾವನೆಯೇ ಅದಕ್ಕೆ ಮುಖ್ಯ ಕಾರಣವಿರಬೇಕು. ಹೊರೆ ಎಲ್ಲಿ ಹುಟ್ಟುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಿದರೆ, ಅದು ದರಪಟ್ಟಿಯಲ್ಲಿರುವುದಕ್ಕಿಂತ ಹೆಚ್ಚಾಗಿ ಮೀಟರು, ಬಾಕಿ ಮತ್ತು ಸಂಪರ್ಕದ ನಿಯಮಗಳಲ್ಲಿದೆ ಎಂಬುದು ಗೊತ್ತಾಗುತ್ತದೆ.

ಮೊದಲು ವೆಚ್ಚದ ಮಾತು. ನದಿಯ ನೀರು ಪುಕ್ಕಟೆಯಾದರೂ ಅದನ್ನು ಪಂಪ್ ಮಾಡಿ, ಶುದ್ಧೀಕರಿಸಿ, ಕ್ಲೋರಿನ್ ಬೆರೆಸಿ, ಏರುತಗ್ಗುಗಳ ಊರಿನ ಎತ್ತರದ ಟ್ಯಾಂಕಿಗಳಿಗೆ ಏರಿಸಿ, ಮನೆಮನೆಗೆ ಮುಟ್ಟಿಸುವ ಕೆಲಸಕ್ಕೆ ವಿದ್ಯುತ್ ಬಿಲ್ಲು, ಸಿಬ್ಬಂದಿಯ ಸಂಬಳ, ಪೈಪುಗಳ ದುರಸ್ತಿ ಎಲ್ಲವೂ ತಗಲುತ್ತವೆ. ಈ ಖರ್ಚಿನಲ್ಲಿ ದೊಡ್ಡ ಪಾಲು ಜನ ಹೆಚ್ಚು ನೀರು ಬಳಸಲಿ, ಕಡಿಮೆ ಬಳಸಲಿ, ಬದಲಾಗದ ಖರ್ಚು. ಕೇಂದ್ರದ ನಗರಾಭಿವೃದ್ಧಿ ಸಚಿವಾಲಯ 2008ರಲ್ಲಿ ಪ್ರಕಟಿಸಿದ ಸೇವಾ ಮಾನದಂಡಗಳು ನೀರು ಪೂರೈಕೆಯ ನಿರ್ವಹಣಾ ವೆಚ್ಚವನ್ನು ಪೂರ್ತಿಯಾಗಿ ಬಳಕೆದಾರರ ಶುಲ್ಕದಿಂದಲೇ ವಸೂಲು ಮಾಡಬೇಕೆಂದೂ, ಲೆಕ್ಕಕ್ಕೆ ಸಿಗದೆ ಹೋಗುವ ನೀರಿನ ಪ್ರಮಾಣ ಶೇ.20ನ್ನು ಮೀರಬಾರದೆಂದೂ ಗುರಿ ಹಾಕಿದವು. ಕರಾವಳಿಯ ನಗರಗಳಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದ ನೆರವಿನಿಂದ ನಡೆಯುವ ನೀರಿನ ಯೋಜನೆಗಳ ಹಿಂದೆಯೂ ಇದೇ ಚಿಂತನೆಯಿದೆ. ಹಾಗಾಗಿ ದರ ಏರುವುದು ಇಂದಲ್ಲದಿದ್ದರೆ ನಾಳೆ ಬರುವ ಮಾತು. ಅದನ್ನು ತಡೆದು ನಿಲ್ಲಿಸುವುದೇ ಬಡವರ ರಕ್ಷಣೆ ಎಂದು ಹೋರಾಡುವವರ ಕಳಕಳಿಯನ್ನು ಗೌರವಿಸುತ್ತಲೇ, ಆ ದಾರಿ ಸಾಲದು ಎಂದು ಹೇಳಬೇಕಾಗಿದೆ. ಎಲ್ಲರಿಗೂ ದರ ಕಡಿಮೆ ಇಟ್ಟಾಗ ಅದರ ಲಾಭ ಹೆಚ್ಚು ನೀರು ಬಳಸುವವರಿಗೆ ಹೆಚ್ಚಾಗಿಯೂ, ಕಡಿಮೆ ಬಳಸುವವರಿಗೆ ಕಡಿಮೆಯಾಗಿಯೂ, ನಳ್ಳಿಯೇ ಇಲ್ಲದವರಿಗೆ ಇಲ್ಲವೇ ಇಲ್ಲವೆಂಬಂತೆಯೂ ಹಂಚಿಕೆಯಾಗುತ್ತದೆ.

ಒಂದು ಮನೆಗೆ ಎಷ್ಟು ನೀರು ಬೇಕು, ಅದಕ್ಕೆ ಎಷ್ಟು ಕೊಡುವುದು ಸಹ್ಯ ಎಂಬುದಕ್ಕೆ ಕೆಲವು ಅಳತೆಗೋಲುಗಳಿವೆ. ಕುಡಿಯಲು, ಅಡುಗೆಗೆ, ಸ್ನಾನ, ಶೌಚ, ಬಟ್ಟೆ ಒಗೆತಕ್ಕೆ ಸೇರಿ ತಲಾ ದಿನಕ್ಕೆ 50ರಿಂದ 100 ಲೀಟರ್ ಬೇಕೆನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಐದು ಮಂದಿಯ ಮನೆಗೆ ಇದು ತಿಂಗಳಿಗೆ 7,500ರಿಂದ 15,000 ಲೀಟರ್ ಆಗುತ್ತದೆ. ಒಳಚರಂಡಿ ಇರುವ ನಗರಗಳಿಗೆ ನಮ್ಮ ದೇಶದ ಮಾನದಂಡ ತಲಾ 135 ಲೀಟರ್; ಆ ಲೆಕ್ಕದಲ್ಲಿ ಅದೇ ಮನೆಗೆ 20,250 ಲೀಟರ್. ವಿಶ್ವಸಂಸ್ಥೆಯ ಮಹಾಸಭೆ 2010ರ ಜುಲೈ 28ರಂದು ಶುದ್ಧ ಕುಡಿಯುವ ನೀರನ್ನು ಮಾನವ ಹಕ್ಕೆಂದು ಒಪ್ಪಿಕೊಂಡಿತು. ಅದಕ್ಕೂ ಮುಂಚೆ, 1991ರಲ್ಲಿ, ಸುಭಾಷ್ ಕುಮಾರ್ ಮತ್ತು ಬಿಹಾರ ರಾಜ್ಯದ ನಡುವಿನ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ ಮಾಲಿನ್ಯವಿಲ್ಲದ ನೀರನ್ನು ಪಡೆಯುವುದು ಸಂವಿಧಾನದ 21ನೇ ವಿಧಿಯಲ್ಲಿ ಬರುವ ಜೀವಿಸುವ ಹಕ್ಕಿನ ಭಾಗವೆಂದು ಹೇಳಿತ್ತು. ಬೆಲೆಯ ವಿಚಾರದಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಸೂಚಿಸುವ ಮಿತಿ ಮನೆಯ ಆದಾಯದ ಶೇ.3. ತಿಂಗಳಿಗೆ 10,000 ರೂಪಾಯಿ ಬರುವ ಮನೆಗೆ ಅದು 300 ರೂಪಾಯಿ.

ಈ ಶೇ.3ರ ಅಳತೆ ಉಪಯುಕ್ತವಾದರೂ ಅದು ವರ್ಷದ ಸರಾಸರಿಯನ್ನು ಮಾತ್ರ ನೋಡುತ್ತದೆ ಎಂಬುದನ್ನು ಕರಾವಳಿಯವರು ಮರೆಯಬಾರದು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವಾಗ ಮಲ್ಪೆ ಮತ್ತು ಬೆಂಗ್ರೆಯ ಎಷ್ಟೋ ಮನೆಗಳಿಗೆ ದುಡಿಮೆಯೇ ಇರುವುದಿಲ್ಲ. ಬೀಡಿ ಕಟ್ಟುವ ಮನೆಗಳಲ್ಲಿ ಎಲೆ ಮತ್ತು ತಂಬಾಕು ಎಷ್ಟು ಸಿಕ್ಕಿತೋ ಅಷ್ಟೇ ಮಜೂರಿ. ಕಟ್ಟಡ ಕೆಲಸದವರಿಗೆ ಮಳೆಗಾಲವೆಂದರೆ ಕೆಲಸ ಸಿಕ್ಕರೂ ಸಿಕ್ಕಿತು, ಇಲ್ಲದಿದ್ದರೂ ಇಲ್ಲ. ವರ್ಷದ ಲೆಕ್ಕದಲ್ಲಿ ಸಹ್ಯವಾಗಿ ಕಾಣುವ ಬಿಲ್ಲು ಈ ಮನೆಗಳಿಗೆ ಎರಡು ತಿಂಗಳು ಸಹಿಸಲಾಗದ ಹೊರೆಯಾಗಿರುತ್ತದೆ, ಮತ್ತು ಬಾಕಿ ಬೆಳೆಯುವುದು ಆ ಎರಡು ತಿಂಗಳಲ್ಲಿಯೇ.

ನೀರಿನ ದರವನ್ನು ನಮ್ಮ ನಗರಗಳು ಸಾಮಾನ್ಯವಾಗಿ ಸ್ಲ್ಯಾಬ್ ಪದ್ಧತಿಯಲ್ಲಿ ನಿಗದಿ ಮಾಡುತ್ತವೆ. ಮೊದಲ ಕೆಲವು ಸಾವಿರ ಲೀಟರಿಗೆ ಕಡಿಮೆ ದರ, ಬಳಕೆ ಹೆಚ್ಚಿದಂತೆ ಮುಂದಿನ ಲೀಟರುಗಳಿಗೆ ಏರುವ ದರ. ಬಡವರು ಕಡಿಮೆ ನೀರು ಬಳಸುತ್ತಾರೆ, ಶ್ರೀಮಂತರು ಹೆಚ್ಚು ಬಳಸುತ್ತಾರೆ ಎಂಬ ನಂಬಿಕೆ ಇದರ ತಳಹದಿ. ಆ ನಂಬಿಕೆ ಎಲ್ಲಿ ತಪ್ಪುತ್ತದೆ ಎಂಬುದನ್ನು ತೋರಿಸಲು, ಲೆಕ್ಕ ಸುಲಭವಾಗಲೆಂದು, ಕಲ್ಪಿತ ದರಗಳನ್ನು ಇಟ್ಟುಕೊಳ್ಳೋಣ: ಮೊದಲ 8,000 ಲೀಟರಿಗೆ ಸಾವಿರಕ್ಕೆ 8 ರೂಪಾಯಿ, 8,000ದಿಂದ 15,000ದ ತನಕ 12 ರೂಪಾಯಿ, 15,000ದಿಂದ 25,000ದ ತನಕ 16 ರೂಪಾಯಿ, ಅದರ ಮೇಲೆ 20 ರೂಪಾಯಿ. ತಿಂಗಳಿಗೆ 15,000 ಲೀಟರ್ ಬಳಸುವ ಮನೆಯ ಬಿಲ್ಲು 64 ಮತ್ತು 84 ಸೇರಿ 148 ರೂಪಾಯಿ. ಈಗ ಅಷ್ಟೇ ನೀರು ಬಳಸುವ ಮೂರು ಸಂಸಾರಗಳು ಒಂದು ಲೈನ್ ಮನೆಯಲ್ಲಿ ಒಂದೇ ಮೀಟರಿನಡಿ ಬಾಡಿಗೆಗಿವೆ ಎಂದುಕೊಳ್ಳಿ. ಮೀಟರಿಗೆ ಕಾಣುವುದು ಮೂರು ಸಂಸಾರಗಳಲ್ಲ, 45,000 ಲೀಟರ್ ಬಳಸಿದ ಒಂದು ಮನೆ. ಬಿಲ್ಲು 64, 84, 160 ಮತ್ತು 400 ಸೇರಿ 708 ರೂಪಾಯಿ, ಸಂಸಾರವೊಂದಕ್ಕೆ 236. ಪ್ರತ್ಯೇಕ ಮೀಟರಿದ್ದರೆ ಮೂವರೂ ಸೇರಿ ಕೊಡಬೇಕಾಗಿದ್ದುದು 444 ರೂಪಾಯಿ. ಮಿತಬಳಕೆಗೆ ಬಹುಮಾನ ಕೊಡಬೇಕಾದ ಪದ್ಧತಿ ಇಲ್ಲಿ ಒತ್ತಟ್ಟಿಗೆ ಬದುಕುವುದಕ್ಕೆ 264 ರೂಪಾಯಿಯ ದಂಡ ಹಾಕಿದಂತಾಯಿತು.

ಕರಾವಳಿಯಲ್ಲಿ ಇದಕ್ಕೆ ಇನ್ನೊಂದು ಮುಖವಿದೆ, ಮತ್ತು ನನ್ನ ದೃಷ್ಟಿಯಲ್ಲಿ ನಮ್ಮ ಊರಿನ ಚರ್ಚೆಯಲ್ಲಿ ಕಾಣೆಯಾಗಿರುವುದು ಇದೇ. ಇಲ್ಲಿ ಸ್ವಂತ ಜಾಗವಿರುವ ಹಳೆಯ ಮನೆಗಳಲ್ಲಿ ಬಾವಿಯಿರುವುದು ಸಾಮಾನ್ಯ. ಅನುಕೂಲವಿದ್ದವರು ಬೋರ್‌ವೆಲ್ ಕೂಡ ಕೊರೆಸಿರುತ್ತಾರೆ. ಅವರು ಹಿತ್ತಲಿಗೆ, ವಾಹನ ತೊಳೆಯಲು, ಬಟ್ಟೆ ಒಗೆಯಲು ಬಾವಿಯ ನೀರನ್ನೇ ಬಳಸಿ, ಮುರಕಲ್ಲಿನ ನೆಲದ ಬಾವಿ ಏಪ್ರಿಲ್, ಮೇ ತಿಂಗಳಲ್ಲಿ ಕೆಳಗಿಳಿದಾಗ ಮಾತ್ರ ನಳ್ಳಿಯನ್ನು ನೆಚ್ಚುತ್ತಾರೆ. ವರ್ಷದ ಬಹುಪಾಲು ತಿಂಗಳು ಅವರ ಮೀಟರಿನಲ್ಲಿ ಆರು ಸಾವಿರ ಲೀಟರೂ ಓಡದಿರಬಹುದು. ಮೇಲಿನ ದರದಲ್ಲಿ ಅವರ ಬಿಲ್ಲು 48 ರೂಪಾಯಿ, ಸಾವಿರ ಲೀಟರಿಗೆ 8. ಬಾವಿ ತೋಡಲು ಜಾಗವೇ ಇಲ್ಲದ, ಅಥವಾ ಸಮುದ್ರಕ್ಕೂ ಅಳಿವೆಗೂ ಹತ್ತಿರವಿದ್ದು ಬಾವಿಗೆ ಉಪ್ಪುನೀರು ಬರುವ ಮನೆಯವರು ಪ್ರತಿ ಬಿಂದಿಗೆಯನ್ನೂ ನಳ್ಳಿಯಿಂದಲೇ ತುಂಬುವುದರಿಂದ ಸಾವಿರ ಲೀಟರಿಗೆ ಸುಮಾರು 10 ರೂಪಾಯಿ ಕೊಡುತ್ತಾರೆ. ಅತಿ ಕಡಿಮೆ ದರದ ಸ್ಲ್ಯಾಬಿನಲ್ಲಿ ಅನುಕೂಲಸ್ಥರು ನೆಲೆಸಿ, ಅನುಕೂಲವಿಲ್ಲದವರು ಮೇಲಿನ ಸ್ಲ್ಯಾಬಿಗೆ ಹೋಗುವುದು ಇಲ್ಲಿ ಅಪವಾದವಲ್ಲ. ಸ್ಲ್ಯಾಬ್ ಅಳೆಯುವುದು ನೀರನ್ನು. ಬಡತನವನ್ನು ಅಳೆಯುವ ಶಕ್ತಿ ಅದಕ್ಕಿಲ್ಲ.

ಬಿಲ್ಲಿನ ಅವಧಿಯೂ ಇದೇ ಬಗೆಯ ತೊಂದರೆ ಕೊಡಬಲ್ಲದು. ಮೀಟರ್ ರೀಡರ್ ಮೂರು ತಿಂಗಳಿಗೊಮ್ಮೆ ಬಂದು 45,000 ಲೀಟರ್ ಎಂದು ಬರೆದುಕೊಂಡಾಗ, ಸ್ಲ್ಯಾಬುಗಳನ್ನೂ ಮೂರು ತಿಂಗಳಿಗೆ ವಿಸ್ತರಿಸಿ ಲೆಕ್ಕ ಹಾಕಿದರೆ 444 ರೂಪಾಯಿ. ಒಂದೇ ತಿಂಗಳ ಬಳಕೆಯೆಂಬಂತೆ ಹಾಕಿದರೆ ಮತ್ತೆ ಅದೇ 708. ಬಿಲ್ಲು ಕೈಗೆ ಬಂದಾಗ ಎರಡು ರೀಡಿಂಗುಗಳ ನಡುವೆ ಎಷ್ಟು ದಿನವಿದೆ ಎಂಬುದನ್ನು ನೋಡಬೇಕಾದ ಕಾರಣ ಇದು. ಮೀಟರ್ ಕೆಟ್ಟಾಗ ಹಾಕುವ ಸರಾಸರಿ ಬಿಲ್ಲು, ಮೀಟರಿನಿಂದ ಮನೆಯ ಕಡೆಗಿರುವ ನೆಲದಡಿಯ ಪೈಪು ಸೋರಿ ಬರುವ ಬಿಲ್ಲು, ಮನೆಯ ಮುಂಗೋಣೆಯಲ್ಲಿ ಸಣ್ಣ ಅಂಗಡಿ ಇಟ್ಟ ಕಾರಣಕ್ಕೆ ಗೃಹಬಳಕೆಯ ಸಂಪರ್ಕ ವಾಣಿಜ್ಯ ದರಕ್ಕೆ ಬದಲಾಗಿ ಬರುವ ಬಿಲ್ಲು, ಇವೆಲ್ಲವೂ ದರಪಟ್ಟಿಯನ್ನು ಎಷ್ಟು ಓದಿದರೂ ಕಾಣದ ಹೊರೆಗಳು.

ಇವುಗಳಲ್ಲಿ ಯಾವುದಾದರೂ ಒಂದರಿಂದ ಒಮ್ಮೆ ಬಾಕಿ ಉಳಿಯಿತೆಂದರೆ ಅದು ತನ್ನಷ್ಟಕ್ಕೆ ಬೆಳೆಯುತ್ತದೆ. ಬಾಕಿಯ ಮೇಲೆ ಬಡ್ಡಿ ಅಥವಾ ದಂಡ, ನೋಟಿಸು, ಸಂಪರ್ಕ ಕಡಿತ, ಆಮೇಲೆ ಪೂರ್ತಿ ಬಾಕಿಯ ಜೊತೆಗೆ ಮರುಜೋಡಣೆಯ ಶುಲ್ಕ. ತಿಂಗಳಿಗೆ 150 ರೂಪಾಯಿ ಕೊಡಬಲ್ಲ ಮನೆಗೆ ಒಮ್ಮೆಲೇ ನಾಲ್ಕೈದು ಸಾವಿರ ಕೊಡಲು ಆಗುವುದಿಲ್ಲ. ಸಂಪರ್ಕ ಕಡಿದ ಮೇಲೆ ಅವರು ನೆರೆಮನೆಯವರಿಂದಲೋ ಟ್ಯಾಂಕರಿನಿಂದಲೋ ನೀರು ಪಡೆಯುವುದರಿಂದ, ಕೊಡಬಲ್ಲವರಾಗಿದ್ದ ಆ 150 ರೂಪಾಯಿಯೂ ನಗರಾಡಳಿತಕ್ಕೆ ಬರುವುದು ನಿಲ್ಲುತ್ತದೆ. ವಸೂಲಿಯ ದೃಷ್ಟಿಯಿಂದ ನೋಡಿದರೂ ಇದು ನಷ್ಟದ ವ್ಯವಹಾರವೇ. ಬಾಡಿಗೆದಾರರ ಪಾಡು ಇನ್ನೂ ಕಷ್ಟದ್ದು, ಏಕೆಂದರೆ ಮಾಲಕರ ಹೆಸರಿನ ಹಳೆಯ ಬಾಕಿಗೆ ಈಗ ಆ ಮನೆಯಲ್ಲಿರುವವರ ನೀರು ನಿಲ್ಲುತ್ತದೆ.

ಎಲ್ಲಕ್ಕಿಂತ ದುಬಾರಿಯಾದ ನೀರು ನಳ್ಳಿಯಿಲ್ಲದವರದು. ಹೊಸ ಸಂಪರ್ಕಕ್ಕೆ ಠೇವಣಿ, ಮೀಟರು, ಪೈಪು, ಪ್ಲಂಬರ್ ಮಜೂರಿ, ರಸ್ತೆ ಅಗೆಯಬೇಕಾದರೆ ಅದರ ಶುಲ್ಕ, ಇಷ್ಟನ್ನೂ ಒಂದೇ ಸಲಕ್ಕೆ ಹೊಂದಿಸಬೇಕು. ಅದಕ್ಕೂ ಮೊದಲು ಡೋರ್ ನಂಬರ್, ಖಾತೆ, ತೆರಿಗೆ ಕಟ್ಟಿದ ರಶೀದಿ ಬೇಕು. ಜಾಗದ ಕಾಗದಪತ್ರ ಸರಿಯಿಲ್ಲದ ಮನೆ ಇಲ್ಲಿಯೇ ನಿಂತುಬಿಡುತ್ತದೆ. ಪ್ರತಿ ನಗರವಾಸಿಯ ಮನೆಗೂ ನಳ್ಳಿ ಎಂಬ ಗುರಿಯೊಂದಿಗೆ 2021ರ ಅಕ್ಟೋಬರ್ 1ರಂದು ಕೇಂದ್ರ ಸರಕಾರ ಅಮೃತ್ 2.0 ಆರಂಭಿಸಿದೆ. ಆದರೆ ಮನೆಯ ಮುಂದೆ ಪೈಪು ಹಾದುಹೋದ ಮಾತ್ರಕ್ಕೆ ಮನೆಯೊಳಗೆ ನೀರು ಬರುವುದಿಲ್ಲ. ರಸ್ತೆಯಿಂದ ಮನೆಯ ತನಕದ ಆ ಕೊನೆಯ ತುಂಡು ಪೈಪಿನ ಖರ್ಚನ್ನು ಕಂತುಗಳಲ್ಲಿ ಬಿಲ್ಲಿಗೆ ಸೇರಿಸುವುದೋ, ಅರ್ಹರಿಗೆ ಪೂರ್ತಿ ಮನ್ನಾ ಮಾಡುವುದೋ, ಎರಡರಲ್ಲಿ ಒಂದು ಆಗಲೇಬೇಕು.

ಬೇರೆ ಊರುಗಳು ಏನು ಮಾಡಿವೆ ಎಂದು ನೋಡುವಾಗ ಮೊದಲು ನೆನಪಾಗುವುದು ದೆಹಲಿ. ಅಲ್ಲಿ ಓಡುವ ಮೀಟರಿರುವ ಮನೆಗೆ ತಿಂಗಳಿಗೆ 20,000 ಲೀಟರ್ ತನಕ ಬಿಲ್ಲಿಲ್ಲ. ಆದರೆ ಆ ಗೆರೆ ದಾಟಿದರೆ ಹೆಚ್ಚುವರಿ ನೀರಿಗಷ್ಟೇ ಅಲ್ಲ, ಪೂರ್ತಿ ಬಳಕೆಗೂ ಹಣ ಕೊಡಬೇಕು. ಮೀಟರು ಸರಿಯಿಡಲು ಮತ್ತು ಮಿತವಾಗಿ ಬಳಸಲು ಇದು ಪ್ರೇರಣೆಯೆಂಬುದು ನಿಜವಾದರೂ, ಒಂದೇ ಮೀಟರಿನಡಿ ಹಲವರಿರುವ ಮನೆಗಳೇ ಆ ಗೆರೆಯನ್ನು ಮೊದಲು ದಾಟುತ್ತವೆ. ಹೈದರಾಬಾದ್ 2021ರ ಜನವರಿಯಲ್ಲಿ ಇದೇ ಪ್ರಮಾಣದ ಉಚಿತ ನೀರನ್ನು ಆಧಾರ್ ಜೋಡಣೆಯ ಷರತ್ತಿನೊಂದಿಗೆ ಆರಂಭಿಸಿತು. ಎರಡೂ ಕಡೆ ಸವಲತ್ತು ಪಡೆಯಲು ಆದಾಯದ ಮಿತಿಯಿಲ್ಲ. ಬಾವಿಯುಳ್ಳ ಮಂಗಳೂರಿನ ಅನುಕೂಲಸ್ಥರ ಉದಾಹರಣೆಯನ್ನು ಇಲ್ಲಿಟ್ಟು ನೋಡಿದರೆ, ಈ ಮಾದರಿ ನಮ್ಮಲ್ಲಿ ಯಾರಿಗೆ ಹೆಚ್ಚು ಅನುಕೂಲವಾದೀತು ಎಂಬುದು ತಾನಾಗಿ ತಿಳಿಯುತ್ತದೆ.

ದಕ್ಷಿಣ ಆಫ್ರಿಕಾ 2001ರಲ್ಲಿ ಪ್ರತಿ ಮನೆಗೆ ತಿಂಗಳಿಗೆ 6,000 ಲೀಟರ್ ಉಚಿತವೆಂಬ ನೀತಿಯನ್ನು ತಂದಿತು. ಅದರ ಮೇಲಿನ ವ್ಯಾಜ್ಯ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯದ ತನಕ ಹೋಗಿ 2009ರಲ್ಲಿ ತೀರ್ಮಾನವಾಯಿತು. ಜೋಹಾನ್ಸ್‌ಬರ್ಗ್ ನಗರದ ಕ್ರಮ ಸಮಂಜಸವೆಂದೇ ತೀರ್ಪು ಬಂದರೂ, ಆ ನಗರದ ಸೊವೆಟೊ ಪ್ರದೇಶದ ಅರ್ಜಿದಾರರು ಎತ್ತಿದ ಆಕ್ಷೇಪಗಳಲ್ಲಿ ಒಂದು ನಮ್ಮ ಲೈನ್ ಮನೆಗಳ ಸಮಸ್ಯೆಯೇ ಆಗಿತ್ತು, ಅಂದರೆ ಒಂದೇ ಹಿತ್ತಲಿನಲ್ಲಿ ಹಲವು ಸಂಸಾರಗಳಿದ್ದಾಗ ಮನೆಗೊಂದು ಪಾಲು ಎಂಬುದು ಯಾರಿಗೂ ಸಾಲುವುದಿಲ್ಲ. ಚಿಲಿ ದೇಶ ಬೇರೆ ದಾರಿ ಹಿಡಿಯಿತು. ಅಲ್ಲಿ ದರದಲ್ಲಿ ಬಡವರು, ಅನುಕೂಲಸ್ಥರು ಎಂಬ ಭೇದವಿಲ್ಲ. ಆದರೆ 1989ರ ಕಾನೂನಿನಂತೆ, ಆರ್ಥಿಕ ಸ್ಥಿತಿಯನ್ನು ಪರಿಶೀಲಿಸಿ ಆಯ್ದ ಮನೆಗಳ ಬಿಲ್ಲಿನ ಒಂದು ಭಾಗವನ್ನು, 15,000 ಲೀಟರಿನ ತನಕದ ಬಳಕೆಗೆ, ಸರಕಾರ ಸ್ಥಳೀಯಾಡಳಿತದ ಮೂಲಕ ತುಂಬಿಕೊಡುತ್ತದೆ. ಅಮೆರಿಕದ ಫಿಲಡೆಲ್ಫಿಯಾ ನಗರ 2017ರಿಂದ ಕಡಿಮೆ ಆದಾಯದವರ ಬಿಲ್ಲನ್ನು ಅವರ ಆದಾಯದ ಶೇ.2ರಿಂದ ಶೇ.4ರೊಳಗೆ ಕಟ್ಟಿಹಾಕಿದೆ, ಮತ್ತು ತಪ್ಪದೆ ಕಟ್ಟುತ್ತ ಬಂದವರ ಹಳೆಯ ಬಾಕಿಯನ್ನು ಬಿಟ್ಟುಕೊಡುತ್ತದೆ. ಇಂಗ್ಲೆಂಡಿನಲ್ಲಿ 1999ರ ಕಾನೂನು ಬಿಲ್ಲು ಕಟ್ಟದ ಕಾರಣಕ್ಕೆ ವಾಸದ ಮನೆಯ ನೀರನ್ನು ಕಡಿಯುವುದನ್ನೇ ನಿಷೇಧಿಸಿತು. ಹಣವನ್ನು ವಸೂಲು ಮಾಡಲು ಬೇರೆ ಕಾನೂನು ಮಾರ್ಗಗಳಿವೆ, ನೀರನ್ನು ಅದಕ್ಕೆ ಒತ್ತೆಯಿಡಬಾರದು ಎಂಬುದು ಅದರ ಹಿಂದಿನ ವಿಚಾರ.

ಇವುಗಳಲ್ಲಿ ನಮ್ಮ ಊರಿಗೆ ಹೆಚ್ಚು ಹೊಂದುವುದು ಚಿಲಿಯ ದಾರಿಯೆಂದು ನಾನು ಭಾವಿಸುತ್ತೇನೆ. ಇಲ್ಲಿ ಬಡ ಮನೆಗಳನ್ನು ಗುರುತಿಸಲು ಹೊಸ ಸಮೀಕ್ಷೆ ಬೇಕಿಲ್ಲ. ಅಂತ್ಯೋದಯ ಮತ್ತು ಬಿಪಿಎಲ್ ಪಡಿತರ ಚೀಟಿಗಳ ಪಟ್ಟಿ ಈಗಾಗಲೇ ಇದೆ. ಆ ಪಟ್ಟಿಯಲ್ಲಿ ಅರ್ಹರು ಬಿಟ್ಟುಹೋಗಿರುವುದೂ ಅನರ್ಹರು ಸೇರಿಕೊಂಡಿರುವುದೂ ಉಂಟಾದರೂ, ಲೀಟರ್ ನೋಡಿ ಬಡತನವನ್ನು ಊಹಿಸುವುದಕ್ಕಿಂತ ಅದು ಎಷ್ಟೋ ಮೇಲು. ಎಲ್ಲರಿಗೂ ನೈಜ ವೆಚ್ಚಕ್ಕೆ ಹತ್ತಿರದ ದರವನ್ನು ಹಾಕಿ, ಪಡಿತರ ಚೀಟಿಗೆ ಜೋಡಿಸಿದ ಮನೆಗಳಿಗೆ ಒಂದು ಮಿತಿಯ ತನಕದ ಬಳಕೆಯಲ್ಲಿ ರಿಯಾಯಿತಿಯನ್ನು ಬಿಲ್ಲಿನಲ್ಲಿಯೇ ಕಳೆದು ತೋರಿಸಬಹುದು. 2023ರ ಗೃಹಜ್ಯೋತಿ ಯೋಜನೆಯಲ್ಲಿ ಬಾಡಿಗೆದಾರರೂ ಸವಲತ್ತು ಪಡೆಯಲು ಸಾಧ್ಯವಾದದ್ದು ಪ್ರತಿ ಬಿಡಾರಕ್ಕೂ ತನ್ನದೇ ವಿದ್ಯುತ್ ಮೀಟರ್ ಇದ್ದುದರಿಂದ. ನೀರಿಗೆ ಅಂಥ ವ್ಯವಸ್ಥೆಯಿಲ್ಲದ ಕಡೆ, ಒಂದು ಮೀಟರಿನಡಿ ಎಷ್ಟು ಸಂಸಾರಗಳಿವೆ ಎಂಬುದನ್ನು ದಾಖಲಿಸಿಕೊಂಡು ಸ್ಲ್ಯಾಬಿನ ಮಿತಿಗಳನ್ನು ಅಷ್ಟರಿಂದ ಗುಣಿಸಿದರೆ ಸಾಕು. ಬಿಲ್ಲಿನ ಲೆಕ್ಕ ಕಂಪ್ಯೂಟರಿನಲ್ಲಿಯೇ ನಡೆಯುವ ಈ ಕಾಲದಲ್ಲಿ ಇದು ದೊಡ್ಡ ಕೆಲಸವಲ್ಲ.

ಹಣ ಎಲ್ಲಿಂದ ಎಂಬ ಪ್ರಶ್ನೆ ನ್ಯಾಯವಾದದ್ದು. ರಿಯಾಯಿತಿಯ ಮೊತ್ತವನ್ನು ನೀರಿನ ವಿಭಾಗದ ನಷ್ಟವೆಂದು ಮುಚ್ಚಿಡುವ ಬದಲು ಬಜೆಟ್ಟಿನಲ್ಲಿ ಪ್ರತ್ಯೇಕ ಬಾಬತ್ತಾಗಿ ತೋರಿಸಬೇಕು. ಕರ್ನಾಟಕದ ನಗರ ಸ್ಥಳೀಯ ಸಂಸ್ಥೆಗಳು ಪರಿಶಿಷ್ಟ ಜಾತಿ, ಪಂಗಡದವರ ಕಲ್ಯಾಣಕ್ಕೆ ಶೇ.24.10, ಇತರ ಬಡವರ್ಗಕ್ಕೆ ಶೇ.7.25 ಮತ್ತು ಅಂಗವಿಕಲರಿಗೆ ಶೇ.5 ನಿಧಿಯನ್ನು ಮೀಸಲಿಡುವ ಪದ್ಧತಿಯಿದೆ. ಹೊಸ ಸಂಪರ್ಕದ ಖರ್ಚು ಮತ್ತು ಪ್ರತ್ಯೇಕ ಮೀಟರಿನ ಖರ್ಚನ್ನು ಅರ್ಹ ಮನೆಗಳಿಗೆ ಈ ನಿಧಿಗಳಿಂದ ಭರಿಸುವಂತೆ ವಾರ್ಡ್ ಸಮಿತಿಯಲ್ಲಿ, ಬಜೆಟ್ ಪೂರ್ವಭಾವಿ ಸಭೆಯಲ್ಲಿ ಒತ್ತಾಯಿಸುವುದು ದರ ಏರಿಕೆಯ ವಿರುದ್ಧ ವರ್ಷಕ್ಕೊಮ್ಮೆ ಪ್ರತಿಭಟಿಸುವುದಕ್ಕಿಂತ ಹೆಚ್ಚು ಫಲ ಕೊಟ್ಟೀತು. ಮೀನುಗಾರಿಕೆಯ ನಿಷೇಧದ ಎರಡು ತಿಂಗಳ ಬಿಲ್ಲನ್ನು ದಂಡವಿಲ್ಲದೆ ಮುಂದಿನ ತಿಂಗಳುಗಳಿಗೆ ಹಂಚುವುದಕ್ಕಂತೂ ಹಣವೇ ಬೇಡ, ಒಂದು ನಿರ್ಣಯ ಸಾಕು.

ನಿಯಮಗಳು ಬದಲಾಗುವ ತನಕ ಕಾಯಲಾಗದ ಮನೆಗಳಿಗೆ ಈಗಲೇ ಇರುವ ಕೆಲವು ದಾರಿಗಳಿವೆ. ಬಿಲ್ಲು ಅಸಹಜವಾಗಿ ಏರಿದ್ದರೆ, ರಾತ್ರಿ ಟ್ಯಾಂಕಿ ತುಂಬಿದ ಮೇಲೆ ಎಲ್ಲ ನಳ್ಳಿಗಳನ್ನು ಬಂದ್ ಮಾಡಿ ಮೀಟರಿನ ಅಂಕೆಯನ್ನು ಬರೆದಿಟ್ಟು ಬೆಳಿಗ್ಗೆ ಮತ್ತೆ ನೋಡಬೇಕು. ಅಂಕೆ ಓಡಿದ್ದರೆ ಪೈಪಿನಲ್ಲಿ ಸೋರಿಕೆಯಿದೆ. ಸೋರಿಕೆಯಿಲ್ಲದಿದ್ದರೆ ಮೀಟರ್ ಪರೀಕ್ಷೆಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಬಾಕಿ ದೊಡ್ಡದಾಗಿದ್ದರೆ ಕಂತಿನ ಅವಕಾಶವನ್ನು ಬಾಯಿಮಾತಿನಲ್ಲಿ ಕೇಳದೆ ಅರ್ಜಿಯಲ್ಲಿಯೇ ಕೇಳಬೇಕು, ಮತ್ತು ಕೈಲಾದಷ್ಟು ಕಟ್ಟಿ ರಶೀದಿಯನ್ನು ಇಟ್ಟುಕೊಳ್ಳಬೇಕು. ಅಲ್ಲಿಗೂ ಬಗೆಹರಿಯದಿದ್ದರೆ ನೀರಿನ ಬಿಲ್ಲಿನ ತಕರಾರುಗಳನ್ನು ರಾಷ್ಟ್ರೀಯ ಲೋಕ ಅದಾಲತ್‌ನಲ್ಲಿ ವ್ಯಾಜ್ಯಪೂರ್ವ ಹಂತದಲ್ಲಿಯೇ, ಅಂದರೆ ಕೋರ್ಟಿಗೆ ಹೋಗುವ ಮೊದಲೇ, ಇಡಬಹುದು. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿಯಂತೆ ಸಾರ್ವಜನಿಕರಿಗೆ ನೀರು ಪೂರೈಕೆ ಒಂದು ಸಾರ್ವಜನಿಕ ಉಪಯುಕ್ತ ಸೇವೆಯಾಗಿರುವುದರಿಂದ ಅದರ ವಿವಾದಗಳನ್ನು ಶಾಶ್ವತ ಲೋಕ ಅದಾಲತ್‌ಗೂ ಒಯ್ಯಬಹುದು. ರಾಜಿಯಾಗದಿದ್ದರೆ ತಾನೇ ತೀರ್ಮಾನಿಸುವ ಅಧಿಕಾರ ಅದಕ್ಕಿದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ದೊರೆಯುತ್ತದೆ. ಅಲ್ಲಿಗೆ ಹೋಗುವಾಗ ಹಿಂದಿನ ಒಂದು ವರ್ಷದ ಬಿಲ್ಲುಗಳು, ಕಟ್ಟಿದ ರಶೀದಿಗಳು, ದಿನಾಂಕ ಕಾಣುವಂತೆ ತೆಗೆದ ಮೀಟರಿನ ಫೋಟೋ ಮತ್ತು ಅರ್ಜಿಗಳ ಸ್ವೀಕೃತಿ ಪ್ರತಿಗಳನ್ನು ಜೊತೆಯಲ್ಲಿ ಒಯ್ಯಬೇಕು.